ಶಿಕ್ಷೆಯೂ ಶಿಕ್ಷಣವೂ

1986ರಲ್ಲಿ ಬ್ಯಾಂಕು ನನ್ನನ್ನು ಶಿವಮೊಗ್ಗದಿಂದ ಮುಂಬಯಿಯ ದಾದರಿಗೆ ವರ್ಗ ಮಾಡಿದಾಗ ಎರಡು ಭಾಷೆಗಳು ಒಟ್ಟಿಗೇ ಹೆಗಲೇರಿದವು. ಹಗಲು ಕೌಂಟರಿನಲ್ಲಿ ಗ್ರಾಹಕರ ಮರಾಠಿ, ಸಂಜೆ ಪ್ರಾಜ್ಞ ಪರೀಕ್ಷೆಗೆಂದು ಹಿಂದಿ. ಎರಡಕ್ಕೂ ದೇವನಾಗರಿ ಲಿಪಿಯೇ ಆದ್ದರಿಂದ ಗೊಂದಲ ತಪ್ಪಿದ್ದಲ್ಲ. ಹಿಂದಿಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯೆ, ಮರಾಠಿಯಲ್ಲಿ ದಂಡನೆ! ಹಿಂದಿಯ ಐವತ್ತು ‘ಪಚಾಸ್’, ಮರಾಠಿಯದು ‘ಪನ್ನಾಸ್’. ದುಡ್ಡೆಣಿಸುವವನಿಗೆ ಇದೇನು ಸಣ್ಣ ಮಾತೇ?

ಕೈಹಿಡಿದದ್ದು ಕನ್ನಡವೇ. ನಮ್ಮ ಶಿಕ್ಷೆ, ಶಿಕ್ಷಣಗಳಿಗೆ ಮರಾಠಿಯಲ್ಲೂ ಅದೇ ಅರ್ಥ. ನಮ್ಮ ‘ಳ’ ಅಲ್ಲೂ ಇದೆ, ನಪುಂಸಕಲಿಂಗವೂ ಇದೆ. ಹಿಂದಿಯಲ್ಲಿ ಎರಡೂ ಇಲ್ಲ. ಕನ್ನಡಕ್ಕೆ ಹತ್ತಿರವಾದದ್ದು ಮರಾಠಿ, ದೂರವಾದದ್ದು ಹಿಂದಿ ಅಂತ ಖಾತೆ ಬೇರೆ ಮಾಡಿಕೊಂಡೆ. ನಿಧಾನವಾಗಿ ಎರಡೂ ಬಂದವು.

ಈಗ ಇಲ್ಲೇ ಹುಟ್ಟಿದ ಮೊಮ್ಮಗಳಿಗೆ ಆ ಎರಡೂ ನೀರು ಕುಡಿದಷ್ಟು ಸಲೀಸು, ಬಾರದಿರುವುದು ಕನ್ನಡ. ಊಟಕ್ಕೆ ಕೂತಾಗ ನಾನು “ತುಪ್ಪ ಬೇಕಾ ಮರಿ?” ಅಂದರೆ, “ತೂಪ್ ಕಾ, ಆಜೋಬಾ?” ಅಂತಾಳೆ. ಪರವಾಗಿಲ್ಲ, ಅಲ್ಲಿಗೆ ಒಂದು ಮಾತು ಅವಳಿಗೆ ಬಂದ ಹಾಗೇ ಆಯ್ತಲ್ಲ! ಅಂದು ಕನ್ನಡದಿಂದ ಮರಾಠಿಗೆ ಹೋದ ದಾರಿಯಲ್ಲೇ ಅವಳನ್ನು ಮರಾಠಿಯಿಂದ ಕನ್ನಡಕ್ಕೆ ಕರೆದು ತರುತ್ತಿದ್ದೇನೆ. ದಿನಕ್ಕೊಂದು ಮಾತು, ಪಿಗ್ಮಿ ಕಟ್ಟಿದ ಹಾಗೆ.