ಮಾರೇನಹಳ್ಳಿಯಿಂದ ಡೋರನಹಳ್ಳಿಗೆ

ಬೆಂಗಳೂರಿನ ವಿಜಯನಗರದಲ್ಲಿ ಸೇರಿಹೋಗಿರುವ ನಮ್ಮ ಮಾರೇನಹಳ್ಳಿಯಲ್ಲಿ ಕ್ರೈಸ್ತ ದಂಪತಿಗಳೊಬ್ಬರು ನಮಗೆ ನೆರೆಯವರು; ಬಹುಕಾಲದ ಮಿತ್ರರು. 2023ನೆಯ ಇಸವಿಯಲ್ಲಿ ಆ ಗೃಹಿಣಿಯು ಕಠಿನವಾದ ಕಾಯಿಲೆಯಲ್ಲಿ ಬಿದ್ದು, ದೇವರ ದಯೆಯಿಂದಲೂ ವೈದ್ಯರ ಶ್ರಮದಿಂದಲೂ ಚೇತರಿಸಿಕೊಂಡರು. ಕಾಲ್ನಡಿಗೆಯ ಯಾತ್ರೆಯ ಹರಕೆಯೊಂದು ಉಳಿದಿತ್ತು. ಯಾವ ದಾರಿ ಉತ್ತಮವೆಂದು ವಿಚಾರಿಸಲು ಅವರ ಯಜಮಾನರು ಒಂದು ಸಂಜೆ ನಕ್ಷೆಗಳ ಸಮೇತ ನಮ್ಮಲ್ಲಿಗೆ ಬಂದರು. ನಾವು ಕ್ರೈಸ್ತರಲ್ಲದಿದ್ದರೂ, ಮೇಷ್ಟರಾಗಿದ್ದವರು ಸಲಹೆ ಕೊಡದೆ ಬಿಡುವುದುಂಟೆ!

ಮೊದಲನೆಯದು ಸ್ಪೇನ್ ದೇಶದ ಸಾಂತಿಯಾಗೋ. ಯೇಸುವಿನ ಶಿಷ್ಯನಾದ ಸಂತ ಯಾಕೋಬನ ಸಮಾಧಿ ಅಲ್ಲಿರುವುದೆಂದು ನಂಬಿಕೆ. ಫ್ರಾನ್ಸಿನ ಗಡಿಯಿಂದ ಹೊರಟರೆ ಸುಮಾರು 780 ಕಿ.ಮೀ.; ತಿಂಗಳಿಗೆ ಮೇಲ್ಪಟ್ಟ ನಡಿಗೆ. ಕನಿಷ್ಠ 100 ಕಿ.ಮೀ. ನಡೆದವರಿಗೂ ಪ್ರಮಾಣಪತ್ರ ದೊರೆಯುವುದರಿಂದ ಅನೇಕರು ಸಾರಿಯಾ ಎಂಬ ಊರಿನಿಂದಲೇ ಆರಂಭಿಸುವರು. ದಾರಿಯುದ್ದಕ್ಕೂ ಹಳದಿ ಬಾಣಗಳೂ ಚಿಪ್ಪಿನ ಗುರುತುಗಳೂ ಛತ್ರಗಳೂ ಇರುವುವು. ಆದರೆ ವಿಮಾನದ ವೆಚ್ಚವು ನಡಿಗೆಗಿಂತ ಭಾರವಾದುದು.

ಎರಡನೆಯದು ವೇಳಾಂಗಣಿ. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ ನಡೆಯುವ ಮಾತೆಯ ಉತ್ಸವಕ್ಕೆ ಬೆಂಗಳೂರಿನಿಂದಲೂ ಕಾವಿಯುಟ್ಟ ಯಾತ್ರಿಕರು ಗುಂಪುಗಟ್ಟಿ ನಡೆಯುವರು. ಜೊತೆಗಾರರಿಗೆ ಕೊರತೆಯಿಲ್ಲ, ಆದರೆ ದೂರವು ಸುಮಾರು 400 ಕಿ.ಮೀ., ಗುಂಪಿನ ವೇಗಕ್ಕೆ ಹೆಜ್ಜೆ ಹಾಕಲೇಬೇಕು.

ಮೂರನೆಯದು ಕೃಷ್ಣರಾಜನಗರದ ಬಳಿಯ ಡೋರನಹಳ್ಳಿ. ಹೊಲ ಉಳುವ ರೈತನಿಗೆ ಸಂತ ಅಂತೋಣಿಯ ಮರದ ವಿಗ್ರಹ ದೊರೆಯಿತೆಂದು ಅಲ್ಲಿಯ ಐತಿಹ್ಯ. 2019ರಲ್ಲಿ ಆ ದೇವಾಲಯಕ್ಕೆ ಬೆಸಿಲಿಕಾ ಪದವಿ ಬಂದಿತು. ಸಂತನು 1231ರ ಜೂನ್ 13ರಂದು ದೈವಾಧೀನನಾದುದರಿಂದ ಅಂದೇ ಹಬ್ಬ. ಕೆಂಗೇರಿ, ರಾಮನಗರ, ಮಂಡ್ಯ, ಮೈಸೂರುಗಳ ಮಾರ್ಗವಾಗಿ ನಮ್ಮ ಮನೆಯಿಂದ ಸುಮಾರು 180 ಕಿ.ಮೀ. ದಿನಕ್ಕೆ 15ರಂತೆ ಹನ್ನೆರಡು ದಿನ.

ಯಜಮಾನರಿಗೆ ವೇಳಾಂಗಣಿಯ ಮೇಲೆ ಮನಸ್ಸು. ದೂರ ಹೆಚ್ಚಿದಷ್ಟೂ ಪುಣ್ಯ ಹೆಚ್ಚೆಂಬುದು ಅವರ ವಾದ. ನಾವು ಡೋರನಹಳ್ಳಿಯ ಪಕ್ಷ. ವಾಗ್ವಾದವು ರಾತ್ರಿಯವರೆಗೂ ನಡೆಯಿತು. ಕಡೆಗೆ ಅವರನ್ನು ಕರೆಯಲು ಬಂದ ಆ ತಾಯಿಯು ಬಾಗಿಲಲ್ಲಿ ನಿಂತು, "ಮೇಷ್ಟರೇ, ಹರಕೆ ಹೊತ್ತವಳು ನಾನು. ಅಂತೋಣಿಯಪ್ಪನಿಗೆ ನಡೆದು ಬರುತ್ತೇನೆ ಅಂದೆ, ಇಷ್ಟು ದೂರ ಅನ್ನಲಿಲ್ಲ" ಎಂದರು. ನಾವಿಬ್ಬರೂ ತಲೆ ತಗ್ಗಿಸಿದೆವು. ಅದುವರೆಗೆ ಆಕೆಯನ್ನು ಯಾರೂ ಕೇಳಿರಲಿಲ್ಲ!

ಮರುವಾರ ಪರೀಕ್ಷಾರ್ಥವಾಗಿ ಮೂವರೂ ಕೆಂಗೇರಿಯವರೆಗೆ ನಡೆದೆವು. 10 ಕಿ.ಮೀ. ದೂರಕ್ಕೆ ನಾಲ್ಕು ಗಂಟೆ ಹಿಡಿಯಿತು, ಹಿಂದಿರುಗುವಾಗ ಮೆಟ್ರೋ. ಅದೇ ಅವರ ಅಳತೆಯೆಂದು ತಿಳಿಯಿತು. ಮೈಸೂರಿನವರೆಗೆ ರೈಲಿನಲ್ಲಿ ಹೋಗಿ, ಉಳಿದ ಸುಮಾರು 40 ಕಿ.ಮೀ. ದೂರವನ್ನು ನಾಲ್ಕು ದಿನಗಳಲ್ಲಿ ನಡೆಯುವುದೆಂದು ನಿಶ್ಚಯವಾಯಿತು. ಇದು ಹರಕೆಗೆ ನ್ಯೂನವಲ್ಲವೇ ಎಂದು ಯಜಮಾನರು ಶಂಕಿಸಿದರು. ಸಂಸ್ಕೃತದಲ್ಲಿ ತೀರ್ಥವೆಂದರೆ ಹೊಳೆಯನ್ನು ದಾಟಲು ಅನುಕೂಲವಾದ ಕಡವು. ಆಳ ನೋಡಿ ಕಡವನ್ನು ಆರಿಸುವವನು ಹೊಳೆಗೆ ಅಪಚಾರ ಮಾಡಿದಂತಾಗುವುದಿಲ್ಲವೆಂದು ನಾವು ಸಮಾಧಾನ ಹೇಳಿದೆವು.

2024ರ ಜೂನ್ 10ರಂದು, 1933ರಲ್ಲಿ ಕೃಷ್ಣರಾಜ ಒಡೆಯರು ಅಸ್ತಿಭಾರವಿಟ್ಟ ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಮುಂದಿನಿಂದ ಹೊರಟೆವು. ಬೆಳಕು ಹರಿಯುವ ಮುನ್ನ ನಡೆಯುವುದು, ಬಿಸಿಲೇರಿದರೆ ತಂಗುವುದು. ಮೂರನೆಯ ದಿನ ಯಜಮಾನರ ಮೊಣಕಾಲೇ ಊದಿಕೊಂಡು, ಅವರು ಹೆಂಡತಿಯ ಭುಜ ಹಿಡಿದು ನಡೆಯಬೇಕಾಯಿತು. 13ರ ಬೆಳಿಗ್ಗೆ ಊರು ಸಮೀಪಿಸಿದಾಗ ಆ ತಾಯಿಯು ಉತ್ತ ಹೊಲವೊಂದರ ಪಕ್ಕದಲ್ಲಿ ನಿಂತು, ಚಪ್ಪಲಿಗಳನ್ನು ಕಳಚಿ ಕೈಯಲ್ಲಿ ಹಿಡಿದರು. ಉಳಿದ ದಾರಿಯಲ್ಲಿ ಯಾರೂ ಮಾತನಾಡಲಿಲ್ಲ.

ಯಾತ್ರೆಯನ್ನು ಯೋಚಿಸುವ ವಾಚಕರಲ್ಲಿ ನಮ್ಮದೊಂದೇ ವಿಜ್ಞಾಪನೆ: ನಕ್ಷೆಯನ್ನು ಬಿಚ್ಚುವ ಮೊದಲು ಹರಕೆ ಹೊತ್ತವರನ್ನು ಕೇಳಿರಿ.