ಜಡೆಯ ಧ್ವನಿವರ್ಧಕ

ಆನವಟ್ಟಿಯಲ್ಲಿ ಬಸ್ಸನ್ನು ಬದಲಿಸಿ ಜಡೆಯ ದಾರಿ ಹಿಡಿದಾಗ ಸಂಜೆಯಾಗಿತ್ತು. ಸಮೀಪದ ಕುಬಟೂರಿನಲ್ಲಿ ಕೈಟಭೇಶ್ವರನ ದೇಗುಲವಿದೆ. ಕನ್ನಡ ಅಧ್ಯಾಪಕನಾದವನು ಅದನ್ನು ನೋಡದೆ ಮುಂದೆ ಹೋಗುವುದು ಅಪರಾಧವೇ ಸರಿ. ಆದರೆ ಈ ಸಲ ನನ್ನ ಮನಸ್ಸೆಲ್ಲ ಸೋದರಮಾವನ ಅಟ್ಟದ ಮೇಲಿತ್ತು.

ಜಡೆಯ ಸುತ್ತಿನ ಮದುವೆಗಳಿಗೆ ಒಂದು ಕಾಲದಲ್ಲಿ ಮಾವನದೇ ಮೈಕು. ಭಕ್ತಿಗೀತೆ ಮುಗಿದೊಡನೆ ಆತ 'ಕುರ್ಬಾನಿ' ಚಿತ್ರದ ಡಿಸ್ಕೋ ಗೀತೆ 'ಆಪ್ ಜೈಸಾ ಕೋಯಿ' ಹಾಕುತ್ತಿದ್ದ. ಒಮ್ಮೆ ಗಂಡಿನ ಕಡೆಯ ಹಿರಿಯರು ಸಿಟ್ಟಾಗಿ ತಟ್ಟೆಯನ್ನು ನಿಲ್ಲಿಸಿದರಂತೆ; ಊಟವಾದ ಮೇಲೆ ಅವರ ಮಕ್ಕಳೇ ಬಂದು ಮೂರು ಸಲ ಹಾಕಿಸಿದರಂತೆ! ಎಂ.ಎ. ಓದುವಾಗ ನಾನೂ ಆ ಹಿರಿಯರ ಪಕ್ಷ ವಹಿಸಿ, "ಇದು ಯಾವ ದೇಶದ ಗದ್ದಲ?" ಎಂದು ಹಂಗಿಸಿದ್ದೆ. ಮಾವ ಅಂದಿನಿಂದ ನನ್ನೆದುರು ಹಾಡಿನ ಮಾತೆತ್ತಿರಲಿಲ್ಲ.

ಆ ಗದ್ದಲದ ಕರ್ತೃ ಬೆಂಗಳೂರಿನಲ್ಲಿ ಹುಟ್ಟಿದ ಕೊಡವ, ಬಿದ್ದು ಅಪ್ಪಯ್ಯ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಬೆಂಗಳೂರಿನಲ್ಲಿ 'ಟ್ರೋಜನ್ಸ್' ಎಂಬ ವಾದ್ಯವೃಂದದಲ್ಲಿ ಹಾಡುತ್ತಿದ್ದ ಈತ ಲಂಡನ್ನಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಾಸರಿಂದ 'ಕುಂಗ್ ಫೂ ಫೈಟಿಂಗ್' ಹಾಡಿಸಿದರು. ತಟ್ಟೆಯ ಹಿಂಬದಿಗೆಂದು ಅವಸರದಲ್ಲಿ ಮುದ್ರಿಸಿದ್ದ ಆ ಹಾಡು ಇಂಗ್ಲೆಂಡ್, ಅಮೆರಿಕಗಳೆರಡರಲ್ಲೂ ಪ್ರಥಮ ಸ್ಥಾನಕ್ಕೇರಿತು! 1980ರಲ್ಲಿ ಫಿರೋಜ್ ಖಾನರ 'ಕುರ್ಬಾನಿ'ಗೆ ಕಲ್ಯಾಣ್‌ಜೀ-ಆನಂದ್‌ಜೀ ಸಂಗೀತ ನೀಡಿದರೂ ಈ ಒಂದು ಗೀತೆ ಮಾತ್ರ ಬಿದ್ದು ಅವರದು. ಹಾಡಿದವಳು ಲಂಡನ್ನಿನಲ್ಲಿದ್ದ ಪಾಕಿಸ್ತಾನಿ ಬಾಲಿಕೆ ನಾಜಿಯಾ ಹಸನ್. ಪಳಗಿದ ಕಂಠಗಳ ನಡುವೆ ಆ ಎಳೆಯ ದನಿಗೆ 1981ರ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. ಆಗ ಅವಳ ವಯಸ್ಸು 15. ಅದರ ಬೆನ್ನಿಗೆ ಬಂದ 'ಡಿಸ್ಕೋ ದೀವಾನೆ'ಯೂ ಬಿದ್ದು ಅವರದೇ. ನಾಜಿಯಾ 35ನೆಯ ವಯಸ್ಸಿನಲ್ಲಿಯೇ, 2000ದಲ್ಲಿ, ತೀರಿಕೊಂಡಳು.

ಇದನ್ನೆಲ್ಲ ಹೇಳುತ್ತಿರುವಾಗ ಮಾವ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದ. "ನಮ್ಮ ಬೆಂಗಳೂರಿನವನೇ?" ಎಂದು ಎರಡು ಬಾರಿ ಕೇಳಿ, ಅಟ್ಟದಿಂದ ಹಳೆಯ ತಟ್ಟೆಯನ್ನು ಇಳಿಸಿಸಿದ. ನುಡಿಸುವ ಯಂತ್ರವನ್ನು ಮಾರಿ ವರುಷಗಳೇ ಆಗಿದ್ದವು. ನಾನು ತಪ್ಪೊಪ್ಪಿಕೊಳ್ಳುವವನಂತೆ ಮೊಬೈಲಿನಲ್ಲಿ ಆ ಹಾಡನ್ನು ಹಚ್ಚಿದೆ. ಮಾವ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೂ ಕೇಳಿದ.

"ನಮ್ಮದರಲ್ಲಿ ನಡುವೆ ಒಂದು ಕಡೆ ಮುಳ್ಳು ಹಾರುತ್ತಿತ್ತು," ಎಂದ, "ಇದರಲ್ಲಿ ಹಾರಲೇ ಇಲ್ಲ."