ಸತ್ತಿರಲಿಲ್ಲ, ಕಾಯುತ್ತಿತ್ತು!

ಮಕ್ಕಳೇ, ನಿಮ್ಮ ಶಾಲೆಯ ಅಂಗಳದಲ್ಲಿ ಮಳೆಮಾಪಕ ಇದೆಯೇ? ಇದ್ದರೆ, ಬೆಳಿಗ್ಗೆ 8.30ಕ್ಕೆ ನೀರು ಅಳೆದು ವಹಿಯಲ್ಲಿ ಬರೆಯುವ ಸರದಿ ನಿಮಗೂ ಬಂದಿರುತ್ತದೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ನೀವು ಬರೆಯುವುದು ಪುಟ್ಟ ಅಂಕಿಯೇ ಇರಬಹುದು. ಆದರೆ ಅದು ಕಳೆದುಹೋದರೆ ಆ ದಿನದ ಮಳೆಯನ್ನು ಮತ್ತೆ ಅಳೆಯಲು ಯಾವ ವಿಜ್ಞಾನಿಯಿಂದಲೂ ಆಗದು.

ನಮ್ಮ ಜಿಲ್ಲೆಯ 14 ಶಾಲೆಗಳ ಮಕ್ಕಳು 11 ವರ್ಷ ಬರೆದಿಟ್ಟ ಮಳೆಯ ಲೆಕ್ಕ ನಮ್ಮ ಕೇಂದ್ರದ ಒಂದು ಪೆಟ್ಟಿಗೆಯಲ್ಲಿತ್ತು. ಹಳೆಯ ವಹಿಗಳಲ್ಲಿ ಹಲವನ್ನು ಆಗಲೇ ಗೆದ್ದಲು ತಿಂದಿತ್ತು. 2019ರ ಜುಲೈನಲ್ಲಿ ಒಂದು ದಿನ ಆ ಪೆಟ್ಟಿಗೆ ಉತ್ತರ ಕೊಡುವುದನ್ನೇ ನಿಲ್ಲಿಸಿತು. ಅಂದು ನಾನು ತಪ್ಪುಗಳನ್ನು ಮಾಡಿದೆ. ಅವನ್ನು ನಿಮಗೆ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯೊಳಗೆ ಏನಿತ್ತು?

ಆ ಪೆಟ್ಟಿಗೆಗೆ ಸರ್ವರ್ ಎನ್ನುತ್ತಾರೆ. ಅದರಲ್ಲಿ ನಾಲ್ಕು ಹಾರ್ಡ್ ಡಿಸ್ಕ್‌ಗಳಿದ್ದವು. ಕೇಂದ್ರದ ಮೂರು ಕಂಪ್ಯೂಟರ್‌ಗಳೂ ತಂತಿಯ ಮೂಲಕ ಅದರೊಳಗಿನ ಕಡತಗಳನ್ನು ತಮ್ಮದೇ ಎಂಬಂತೆ ತೆರೆಯುತ್ತಿದ್ದವು. ಇದಕ್ಕೆ ಬಳಸಿದ್ದು ‘ನೆಟ್‌ವರ್ಕ್ ಫೈಲ್ ಸಿಸ್ಟಮ್’ ಎಂಬ ವಿಧಾನ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ಇದನ್ನು ರೂಪಿಸಿತು.

ನಾಲ್ಕು ಡಿಸ್ಕ್ ಏಕೆ? ಸರಳವಾಗಿ ಹೀಗೆ ತಿಳಿಯಿರಿ. ಮೂರು ಡಿಸ್ಕ್‌ಗಳಲ್ಲಿ 4, 9, 6 ಎಂಬ ಅಂಕಿಗಳಿವೆ. ನಾಲ್ಕನೆಯದರಲ್ಲಿ ಅವುಗಳ ಮೊತ್ತ 19 ಇದೆ. ಮೂರನೆಯ ಡಿಸ್ಕ್ ಕೆಟ್ಟರೆ 19ರಿಂದ 4 ಮತ್ತು 9 ಕಳೆಯಿರಿ. ಕಳೆದುಹೋದ 6 ಸಿಕ್ಕಿತಲ್ಲವೇ! ಕಂಪ್ಯೂಟರ್ ಮಾಡುವ ಲೆಕ್ಕ ಸ್ವಲ್ಪ ಬೇರೆ, ಆದರೆ ತತ್ತ್ವ ಇದೇ. ಒಂದು ಡಿಸ್ಕ್ ಸತ್ತರೂ ಭಯವಿಲ್ಲ ಎಂದು ನಾನು ನಿಶ್ಚಿಂತಳಾಗಿದ್ದೆ. ಡಿಸ್ಕ್ ಸಾಯದೆಯೂ ತೊಂದರೆ ಕೊಡಬಲ್ಲದು ಎಂಬುದು ನನಗೆ ಹೊಳೆದಿರಲಿಲ್ಲ.

ಅವಸರದ ತಪ್ಪುಗಳು

ಅಂಕಿಗಳನ್ನು ಕಂಪ್ಯೂಟರಿಗೆ ಸೇರಿಸುವ ಹುಡುಗ ಬೆಳಗಿನಿಂದ ಒಂದು ಶಾಲೆಯ ಜೂನ್ ತಿಂಗಳ ಮಳೆಯನ್ನು ಟೈಪ್ ಮಾಡುತ್ತಿದ್ದ. ಹನ್ನೊಂದೂವರೆಗೆ ಅವನ ಪರದೆ ಅಲುಗಾಡದೆ ನಿಂತಿತು.

“ಏನು ಮಾಡಿದೆಯಪ್ಪಾ?” ಎಂದು ಗದರಿದೆ.

“ಏನೂ ಇಲ್ಲ ಮೇಡಂ, ಬರೀ ಸೇವ್ ಒತ್ತಿದೆ” ಎಂದ.

“ಆಫ್ ಮಾಡಿ ಆನ್ ಮಾಡು” ಎಂದೆ. ಮಾಡಿದ. ಕಂಪ್ಯೂಟರ್ ಆನ್ ಆಯಿತು, ಆದರೆ ಕಡತ ತೆರೆಯಲಿಲ್ಲ. ಉಳಿದೆರಡು ಕಂಪ್ಯೂಟರ್‌ಗಳಲ್ಲೂ ಅದೇ ಕಥೆ. ನನ್ನ ಎದೆ ಧಸಕ್ಕೆಂದಿತು. ಸರ್ವರಿನ ಸ್ವಿಚ್ಚಿನ ಮೇಲೆ ಬೆರಳಿಟ್ಟಿದ್ದೆ. ಅಷ್ಟರಲ್ಲಿ, ಪ್ರಯೋಗ ಮಾಡುವಾಗ ನಾನೇ ನಿಮಗೆ ಹೇಳುವ ಮಾತು ನೆನಪಾಯಿತು: ‘ಮೊದಲು ನೋಡಿ, ಬರೆದುಕೊಳ್ಳಿ, ಆಮೇಲೆ ಮುಟ್ಟಿ.’ ಬೆರಳು ತೆಗೆದು ಕಾಗದ, ಪೆನ್ನು ಹಿಡಿದೆ.

ಒಂದೊಂದೇ ಪ್ರಶ್ನೆ

ತಂತಿ ಕೆಟ್ಟಿದೆಯೇ? ‘ನೀನಿದ್ದೀಯಾ?’ ಎಂದು ಸರ್ವರನ್ನು ಕೇಳುವ ಪಿಂಗ್ ಎಂಬ ಆಜ್ಞೆ ಇದೆ. ಕೇಳಿದೆ. ಕ್ಷಣದಲ್ಲೇ ಉತ್ತರ ಬಂತು. ಅಂದರೆ ತಂತಿ ಸರಿಯಾಗಿದೆ, ಸರ್ವರೂ ಜೀವಂತ.

ಹಾಗಾದರೆ ದೋಷ ಜಾಲದಲ್ಲೋ, ಪೆಟ್ಟಿಗೆಯೊಳಗೋ? ಪೆಟ್ಟಿಗೆಗೇ ನೇರವಾಗಿ ಪರದೆ ಮತ್ತು ಕೀಲಿಮಣೆ ಜೋಡಿಸಿದೆವು. ಅಲ್ಲಿಯೂ ಮಳೆಯ ಕಡತಗಳ ಪಟ್ಟಿ ಕೇಳಿದರೆ ಮೌನ! ಈಗ ಜಾಲದ ಮೇಲಿನ ಅನುಮಾನ ಪೂರ್ತಿ ಹೋಯಿತು.

ಒಳಗೆ ಯಾವ ಕೆಲಸಗಳು ನಡೆಯುತ್ತಿವೆ? ಪಟ್ಟಿ ನೋಡಿದರೆ ಹಲವು ಕೆಲಸಗಳ ಮುಂದೆ ‘ಡಿ’ ಎಂಬ ಅಕ್ಷರವಿತ್ತು. ಡಿಸ್ಕಿನಂಥ ಒಂದು ಸಾಧನದ ಉತ್ತರಕ್ಕಾಗಿ ಅಲುಗಾಡದೆ ಕಾಯುತ್ತಿದೆ ಎಂದು ಅದರ ಅರ್ಥ. ಅಂಥ ಕೆಲಸವನ್ನು ನಿಲ್ಲಿಸಲೂ ಆಗುವುದಿಲ್ಲ.

ಯಾವ ಡಿಸ್ಕ್? ಸರ್ವರ್ ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುತ್ತದೆ. ಅದರಲ್ಲಿ ಮೂರನೆಯ ಡಿಸ್ಕಿನ ದೂರು ಮತ್ತೆ ಮತ್ತೆ ಇತ್ತು. ಕಿವಿಯಿಟ್ಟು ಕೇಳಿದೆವು. ಟಿಕ್... ಟಿಕ್... ಟಿಕ್...

ಸರದಿಯ ಮುಂದೆ ನಿಂತವನು

ಪಡಿತರ ಅಂಗಡಿಯ ಸಾಲನ್ನು ನೆನಪಿಸಿಕೊಳ್ಳಿ. ಮುಂದೆ ನಿಂತವರು ಚೀಲದಲ್ಲಿ ಕಾರ್ಡು ಹುಡುಕುತ್ತಲೇ ಇದ್ದಾರೆ. ಸಿಗಲಿಲ್ಲವೆಂದು ಪಕ್ಕಕ್ಕೂ ಸರಿಯುವುದಿಲ್ಲ. ಅಂಗಡಿ ತೆರೆದಿದೆ, ದೀಪ ಉರಿಯುತ್ತಿದೆ, ಆದರೂ ಹಿಂದಿನವರಿಗೆ ಅಕ್ಕಿ ಸಿಗದು. ನಮ್ಮ ಸರ್ವರಿನಲ್ಲಿ ಆಗಿದ್ದೂ ಇದೇ.

ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಜಾಗವನ್ನು ಓದಲಾಗದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಸರ್ವರಿಗೆಂದೇ ಮಾಡಿದ ಡಿಸ್ಕ್ ಕೆಲವೇ ಸೆಕೆಂಡುಗಳಲ್ಲಿ ‘ನನ್ನಿಂದಾಗದು’ ಎಂದು ಒಪ್ಪಿಕೊಳ್ಳುತ್ತದೆ. ಆಗ ಉಳಿದ ಮೂರು ಸೇರಿ ಲೆಕ್ಕ ಹಾಕಿ ಉತ್ತರ ಕೊಡುತ್ತವೆ. ಮನೆಯ ಕಂಪ್ಯೂಟರಿನ ಡಿಸ್ಕ್ ಹಾಗಲ್ಲ. ತನ್ನ ಬಳಿ ಇರುವುದೊಂದೇ ಪ್ರತಿ ಎಂದು ಬಹಳ ಹೊತ್ತು ಹಟ ಹಿಡಿಯುತ್ತದೆ. ಕಡಿಮೆ ಬೆಲೆಯೆಂದು ಅಂಥ ಡಿಸ್ಕನ್ನು ಆರಿಸಿದವಳು ನಾನೇ!

ಉಳಿದ ಮೂರು ಡಿಸ್ಕ್ ಚೆನ್ನಾಗಿವೆ ಎಂದು ಖಚಿತಪಡಿಸಿಕೊಂಡು ಮೂರನೆಯದನ್ನು ಬೇರ್ಪಡಿಸಿದೆವು. ಕಡತಗಳ ಪಟ್ಟಿ ಪರದೆಯ ಮೇಲೆ ಸರಸರನೆ ಇಳಿಯಿತು. 11 ವರ್ಷದ ಮಳೆ ಅಲ್ಲೇ ಇತ್ತು! ಹೊಸ ಡಿಸ್ಕ್ ಹಾಕುವ ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿದೆವು. ಏಕೆಂದರೆ ಆ ಹೊತ್ತಿನಲ್ಲಿ ಇನ್ನೊಂದು ಕೆಟ್ಟರೆ ಯಾವ ಲೆಕ್ಕವೂ ನಮ್ಮನ್ನು ಉಳಿಸುತ್ತಿರಲಿಲ್ಲ.

ಕಳೆದದ್ದು ಒಂದೇ, ಆ ಹುಡುಗ ಬೆಳಗಿನಿಂದ ಟೈಪ್ ಮಾಡಿದ್ದ ಅಂಕಿಗಳು. ಅವನ ಕಂಪ್ಯೂಟರ್ ಕೆಟ್ಟಿರಲಿಲ್ಲ. ಸರ್ವರ್ ಉತ್ತರಿಸುವವರೆಗೆ ಬಿಡದೆ ಕೇಳುತ್ತಲೇ ಇರುವಂತೆ ಅದನ್ನು ಹೊಂದಿಸಲಾಗಿತ್ತು. ಸುಮ್ಮನೆ ಬಿಟ್ಟಿದ್ದರೆ, ಸರ್ವರ್ ಸರಿಹೋದೊಡನೆ ಅಂಕಿಗಳೆಲ್ಲ ತಾವಾಗಿಯೇ ಒಳಗೆ ಸೇರುತ್ತಿದ್ದವು. ತಾಳಿದವನು ಬಾಳಿಯಾನು ಎಂಬುದು ಕಂಪ್ಯೂಟರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

“ತಪ್ಪು ನಂದು ಕಣಪ್ಪಾ” ಎಂದೆ. ಅವನು ನಕ್ಕು ವಹಿ ತೆರೆದ. ಪುಣ್ಯಕ್ಕೆ ಆ ಶಾಲೆಯ ವಹಿ ನಮ್ಮಲ್ಲೇ ಇತ್ತು. ನಾನು ಅಂಕಿ ಓದಿ ಹೇಳಿದೆ, ಅವನು ಟೈಪ್ ಮಾಡಿದ. ಸಂಜೆಯೊಳಗೆ ಜೂನ್ ತಿಂಗಳ ಮಳೆ ಮತ್ತೆ ಬಂದಿತ್ತು.

ನೀವೂ ಮಾಡಿ

ನಿಮ್ಮ ಶಾಲೆಯ ಮಳೆಯ ವಹಿಗೆ ಇನ್ನೊಂದು ಪ್ರತಿ ಇದೆಯೇ? ಇಲ್ಲದಿದ್ದರೆ ಈ ಶನಿವಾರವೇ ಶುರು ಮಾಡಿ. ಒಬ್ಬರು ಓದಲಿ, ಒಬ್ಬರು ಬರೆಯಲಿ, ಮೂರನೆಯವರು ತಾಳೆ ನೋಡಲಿ. ಎರಡನೆಯ ವಹಿಯನ್ನು ಬೇರೆ ಕೋಣೆಯಲ್ಲಿಡಿ. ಗೆದ್ದಲು ಒಂದೇ ದಿನ ಎರಡೂ ಕೋಣೆಗೆ ಬರಲಾರದು!